ಹಲ್ಲು ಕಿರಿಯುವ ಹೂಜಿಗಳ ಹಿಂದೆ ಮೂರು ದಿನ

ಅಮ್ಮನಿಗೆ ಆ ಫೋಟೊ ತೋರಿಸಿದ್ದೇ ಈ ಪ್ರವಾಸಕ್ಕೆಲ್ಲ ಮೂಲ. 2024ರ ವಸಂತದಲ್ಲಿ ಅಟ್ಲಾಂಟಾದ ಹೈ ಮ್ಯೂಸಿಯಂಗೆ ದಕ್ಷಿಣ ಕೆರೊಲಿನಾದ ಕಪ್ಪು ಕುಂಬಾರರ ಹಳೆಯ ಮಡಕೆಗಳ ಪ್ರದರ್ಶನ ಬಂದಿತ್ತು. ಅಂಗೈ ಮೇಲೆ ಕೂರುವಷ್ಟು ಪುಟ್ಟ ಹೂಜಿಗಳು. ಒಂದೊಂದರ ಹೊಟ್ಟೆಯ ಮೇಲೂ ಒಂದು ಮುಖ, ಬಿಳಿ ಕಣ್ಣು, ಬಿಳಿ ಹಲ್ಲು. ಆಗ ತೆಗೆದಿದ್ದ ಫೋಟೊ ಫೋನಿನಲ್ಲೇ ಉಳಿದಿತ್ತು. ಮರುವರ್ಷ ಅಮ್ಮ ಬಂದಾಗ, ಒಂದು ಸಂಜೆ ಮೊಮ್ಮಗಳ ಫೋಟೊಗಳನ್ನು ನೋಡುತ್ತಾ ನೋಡುತ್ತಾ ಅದಕ್ಕೆ ಬಂದು ನಿಂತಳು.

"ಇದು ದೃಷ್ಟಿ ಗಡಿಗೆ ಅಲ್ವೇನೋ? ಮನೆ ಕಟ್ಟೋವಾಗ ಮೇಲೆ ಕಟ್ತಾರಲ್ಲ?"

"ಇಲ್ಲಮ್ಮ, ಇದು ಇಲ್ಲಿಯವರದು. ಫೇಸ್ ಜಗ್ ಅಂತಾರೆ."

"ಯಾವ ಊರ ಕುಂಬಾರರು ಮಾಡಿದ್ದು?"

ಆ ಪ್ರಶ್ನೆ ನನಗೆ ಹೊಳೆದಿರಲೇ ಇಲ್ಲ. ನಮ್ಮದು ತಿಪಟೂರಿನ ಕಡೆಯ ಕುಂಬಾರರ ಮನೆ. ತಾತನ ಕಾಲಕ್ಕೇ ತಿಗರಿ ನಿಂತಿತು, ಅಪ್ಪ ಮೇಷ್ಟ್ರಾದರು, ನಾನು ಕಂಪ್ಯೂಟರ್ ಮುಂದೆ ಕೂತೆ. ಹದಿನೆಂಟಕ್ಕೆ ಸೊಸೆಯಾಗಿ ಬಂದ ಅಮ್ಮ ಮಾತ್ರ ಆರೇಳು ವರ್ಷ ಮಣ್ಣು ತುಳಿದವಳು, ಆವಿಗೆಗೆ ಸೌದೆ ಹೊತ್ತವಳು. ಎರಡು ತಿಂಗಳಿಂದ ಮಾಲು, ದೇವಸ್ಥಾನ, ಕನ್ನಡ ಸಂಘದ ಊಟ ಅಂತ ತಿರುಗಿ ಬೇಸತ್ತಿದ್ದಳು. ಸೊಸೆಗೆ ರಜೆ ಸಿಗಲಿಲ್ಲ, ಮೊಮ್ಮಗಳಿಗೆ ಸ್ಕೂಲು. ಅಕ್ಟೋಬರಿನ ಒಂದು ಶುಕ್ರವಾರ ನಾವಿಬ್ಬರೇ ಹೊರಟೆವು.

ಮೊದಲ ದಿನ, ಶುಕ್ರವಾರ

ಅಟ್ಲಾಂಟಾದಿಂದ ಉತ್ತರಕ್ಕೆ ಒಂದು ಗಂಟೆ ಹೋದರೆ ಗೇನ್ಸ್‌ವಿಲ್. ಕೋಳಿ ಉದ್ಯಮದ ಊರು, ಕಂಬದ ಮೇಲೆ ಕೋಳಿಯ ಪ್ರತಿಮೆಯನ್ನೇ ನಿಲ್ಲಿಸಿದ್ದಾರೆ. ಗಾಡಿ ತುಂಬ ಕೋಳಿ ಹೇರಿಕೊಂಡ ಲಾರಿಯೊಂದು ನಮ್ಮ ಮುಂದೆಯೇ ಸಾಗಿ, ಬಿಳಿ ಪುಕ್ಕ ಗಾಜಿಗೆ ಬಡಿಯುತ್ತಾ ಬಂತು. ಅಮ್ಮ ಸೆರಗು ಮೂಗಿಗೆ ಹಿಡಿದು ಕೂತಳು.

ಅಲ್ಲಿಂದ ಒಳದಾರಿ. ರಸ್ತೆ ಅಗೆದ ಕಡೆಯೆಲ್ಲ ಮಣ್ಣು ಕೆಂಪಗೆ ಹಸಿಗಾಯದ ಹಾಗೆ ಕಾಣುತ್ತದೆ. "ನೋಡಮ್ಮ, ಇಲ್ಲೂ ಕೆಂಪು ಮಣ್ಣು," ಅಂದೆ. "ಇದರಲ್ಲಿ ಮಡಕೆ ಆಗಲ್ಲ. ಕೆರೆ ಎಲ್ಲಿದೆ?" ಅಂದಳು. ಅವಳು ಹೇಳಿದ್ದು ಎಷ್ಟು ಸರಿ ಎಂದು ಮರುದಿನ ಗೊತ್ತಾಯಿತು. ಈ ಕೆಂಪು ಮಣ್ಣು ಹೂಕುಂಡಕ್ಕೆ ಸಾಕು. ಸ್ಟೋನ್‌ವೇರ್‌ಗೆ ಅಂದರೆ ಸುಟ್ಟರೆ ಕಲ್ಲಿನಂತಾಗುವ ಮಡಕೆಗೆ ಬೇಕಾದದ್ದು ಹಳ್ಳದ ಬದಿಯ ತಗ್ಗಿನಲ್ಲಿ ಸಿಗುವ ಬೂದು ಬಣ್ಣದ ಜೇಡಿ, ನಮ್ಮ ಕೆರೆಗೋಡಿನ ದಾಯಾದಿ.

ದಾರಿ ಬದಿಯಲ್ಲಿ ಒಂದು ಟೆಂಟು, ರಟ್ಟಿನ ಬೋರ್ಡು: ಬಾಯಿಲ್ಡ್ ಪೀನಟ್ಸ್. ಬೇಯಿಸಿದ ಕಡಲೆಕಾಯಿ! ದೊಡ್ಡ ಹಂಡೆಯಲ್ಲಿ ಉಪ್ಪುನೀರು ಕುದಿಯುತ್ತಿತ್ತು. ಅಮ್ಮನ ಮುಖ ಬಸವನಗುಡಿಯ ಪರಿಷೆಗೆ ಬಂದವಳ ಹಾಗೆ ಅರಳಿತು. ಖಾರ ಹಾಕಿದ್ದು, ಹಾಕದ್ದು ಎಂದು ಎರಡು ಬಗೆ. ಖಾರದ್ದನ್ನೇ ತೆಗೆದುಕೊಳ್ಳಿ, ಆದರೆ ಚೀಲವನ್ನು ಸೀಟಿನ ಮೇಲೆ ಇಡಬೇಡಿ. ನಮ್ಮದು ಸೋರಿ, ಇವತ್ತಿಗೂ ಬಿಸಿಲಲ್ಲಿ ನಿಂತ ಕಾರಿನ ಬಾಗಿಲು ತೆಗೆದರೆ ಉಪ್ಪುಗಡಲೆಯ ವಾಸನೆ ಬರುತ್ತದೆ.

ಗಿಲ್ಸ್‌ವಿಲ್ ಚಿಕ್ಕ ಊರು. ಹ್ಯೂವೆಲ್ ಎಂಬ ಕುಟುಂಬ ಇಲ್ಲಿ ತಲೆಮಾರುಗಳಿಂದ ಮಡಕೆ ಮಾಡುತ್ತಿದೆ. ಅವರು ಅಕ್ಟೋಬರಿನಲ್ಲಿ ನಡೆಸುವ ಮಡಕೆ ಹಬ್ಬದ ಹೆಸರು 'ಟರ್ನಿಂಗ್ ಆ್ಯಂಡ್ ಬರ್ನಿಂಗ್'. ಅಮೆರಿಕದ ಕಾಲೇಜುಗಳಲ್ಲಿ ಕಲಿತ ಕಲಾವಿದರು ಚಕ್ರದ ಕೆಲಸಕ್ಕೆ ಬೇರೆ ಮಾತು ಆಡುತ್ತಾರೆ, ಇಲ್ಲಿನ ಮನೆತನದ ಕುಂಬಾರರ ಬಾಯಲ್ಲಿ ಅದು ಟರ್ನ್, ಬರ್ನ್ ಅಷ್ಟೆ. ಅಂದರೆ ತಿರುಗಿಸೋದು, ಸುಡೋದು. ಅಮ್ಮನಿಗೆ ಹೇಳಿದೆ. "ಇನ್ನೇನಂತಾರೆ ಮತ್ತೆ?" ಅಂದಳು. ರಾಶಿ ರಾಶಿ ಹೂಕುಂಡಗಳ ನಡುವೆ ಅರ್ಧ ಗಂಟೆ ಅಡ್ಡಾಡಿದೆವು. ಅವಳು ಪ್ರತಿ ಸಾಲಿನಲ್ಲೂ ಒಂದೊಂದನ್ನು ಬೆರಳ ಗಿಣ್ಣಿನಿಂದ ತಟ್ಟಿ ಕಿವಿಗೊಡುತ್ತಿದ್ದಳು. ಕೊಳ್ಳಲಿಲ್ಲ.

ರಾತ್ರಿ ಕ್ಲೀವ್‌ಲೆಂಡ್ ಎಂಬ ಊರಿನಲ್ಲಿ ತಂಗಿದೆವು. ಪಕ್ಕದ ಹೆಲೆನ್ ಪ್ರವಾಸಿಗರ ಊರು, ಅಕ್ಟೋಬರಿನಲ್ಲಿ ಅಲ್ಲಿ ಕೋಣೆಗಳ ಬಾಡಿಗೆ ಆಕಾಶಕ್ಕೆ. ಹತ್ತು ಮೈಲಿ ಇತ್ತ ಉಳಿದರೆ ಜೇಬೂ ಉಳಿಯುತ್ತದೆ, ನಿದ್ದೆಯೂ ಬರುತ್ತದೆ. ಊಟದ ವಿಷಯದಲ್ಲಿ ಎಡವಿದೆವು. ಸಸ್ಯಾಹಾರಿಗಳೆಂದು ಹುರುಳಿಕಾಯಿ ಪಲ್ಯ, ಸೊಪ್ಪು, ಜೋಳದ ಬ್ರೆಡ್ಡು ಹೇಳಿದ್ದೆ. ಒಂದು ತುತ್ತು ಬಾಯಿಗಿಟ್ಟ ಅಮ್ಮ ತಟ್ಟೆ ಸರಿಸಿದಳು. ಕೇಳಿದರೆ ಹುರುಳಿಕಾಯಿಯನ್ನೂ ಸೊಪ್ಪನ್ನೂ ಹಂದಿಮಾಂಸದ ತುಂಡಿನ ಜೊತೆಯೇ ಬೇಯಿಸುವುದಂತೆ, ಈ ಕಡೆ ಅದೇ ರೂಢಿ. ತರಕಾರಿ ಎಂದು ಬರೆದಿದ್ದರೂ ಕೇಳಿಯೇ ತಿನ್ನಬೇಕು. ಕರಿದ ಬೆಂಡೆಕಾಯಿ ನಮ್ಮ ಮಾನ ಉಳಿಸಿತು. ಕೋಣೆಗೆ ಬಂದು ಚಪಾತಿಗೆ ಚಟ್ನಿಪುಡಿ. ಹೊರಗೆ ಜಿಟಿಜಿಟಿ ಮಳೆ.

ಎರಡನೆಯ ದಿನ, ಶನಿವಾರ

ಬೆಳಿಗ್ಗೆ ಬೆಟ್ಟಗಳೆಲ್ಲ ಮಂಜಿನಲ್ಲಿ ಮುಳುಗಿದ್ದವು. ನಾಷ್ಟಾಕ್ಕೆ ಗ್ರಿಟ್ಸ್ ಕೊಟ್ಟರು, ಮೆಕ್ಕೆಜೋಳದ ರವೆಯ ಅಂಬಲಿ ಎನ್ನಬಹುದು. ಅಮ್ಮ ಅದಕ್ಕೂ ಚಟ್ನಿಪುಡಿ ಉದುರಿಸಿಕೊಂಡು ಎರಡು ಬಟ್ಟಲು ತಿಂದಳು.

ನಾವು ಹೋಗಬೇಕಿದ್ದದ್ದು ಮಾಸಿ ಕ್ರೀಕ್ ಕಡೆಗೆ. ಕ್ಲೀವ್‌ಲೆಂಡಿನ ದಕ್ಷಿಣಕ್ಕೆ, 1820ರ ದಶಕದಿಂದಲೇ ಕುಂಬಾರರು ನೆಲೆಸಿದ ಹಳ್ಳಿಗಾಡು. ಅಲ್ಲಿ ಹಳೆಯ ಕುಂಬಾರರೊಬ್ಬರು ಶನಿವಾರ ಬೆಳಿಗ್ಗೆ ನಾಲ್ಕೈದು ಜನರಿಗೆ ಮುಖದ ಹೂಜಿ ಮಾಡಲು ಕಲಿಸುತ್ತಾರೆಂದು ಕೇಳಿ ಬರುವುದಾಗಿ ತಿಳಿಸಿದ್ದೆ. ಫೋನಿನ ನಕ್ಷೆ ನಂಬಿ ಜಲ್ಲಿ ರಸ್ತೆಗೆ ತಿರುಗಿದವನಿಗೆ ಅರ್ಧ ಮೈಲಿಯಲ್ಲೇ ಸಿಗ್ನಲ್ ಹೋಯಿತು. ಮುಂದೆ ಒಂದು ಗೇಟು, ಗೇಟಿನಾಚೆ ನಾಲ್ಕು ದನ. ಹಿಂದಕ್ಕೆ ತೆಗೆಯಲು ಹೋಗಿ ಚಕ್ರ ಕೆಸರಿನಲ್ಲಿ ಹೂತಿತು. ಅಮ್ಮ ಇಳಿದು ಆ ಕೆಸರನ್ನೇ ಎರಡು ಬೆರಳಿನಲ್ಲಿ ತಿಕ್ಕಿ ನೋಡಿ, "ಇದೀಗ ಮಣ್ಣು" ಅಂದಳು. ಟ್ರ್ಯಾಕ್ಟರಿನಲ್ಲಿ ಬಂದ ಹುಡುಗನೊಬ್ಬ ಹಗ್ಗ ಕಟ್ಟಿ ಎಳೆದು, ದಾರಿ ತೋರಿಸಿ, ದುಡ್ಡು ಬೇಡವೆಂದು ಹೋದ. ಈ ಭಾಗಕ್ಕೆ ಹೋಗುವವರು ನಕ್ಷೆಯನ್ನು ಮೊದಲೇ ಫೋನಿನಲ್ಲಿ ಇಳಿಸಿಕೊಂಡಿರುವುದು ಕ್ಷೇಮ.

ಕುಂಬಾರರಿಗೆ ಎಪ್ಪತ್ತು ದಾಟಿರಬೇಕು. ಅಮ್ಮನಿಗೂ ಅರವತ್ತೊಂಬತ್ತು. ಆದರೂ ಮೊದಲಿಂದ ಕೊನೆಯ ತನಕ ಅವಳಿಗೆ ಅವರು 'ಆ ಅಜ್ಜ'. ತಗಡಿನ ಷೆಡ್ಡು, ನೆಲವೆಲ್ಲ ಒಣಗಿದ ಜೇಡಿ, ಗೋಡೆಯುದ್ದಕ್ಕೂ ಹಲಗೆಗಳ ಮೇಲೆ ಇನ್ನೂ ಮುಖ ಬರದ ಹೂಜಿಗಳು. ಹಿಂದಿನ ದಿನವೇ ತಿರುಗಿಸಿ ಇಟ್ಟಿದ್ದರು. ಹಸಿ ಹೂಜಿಗೆ ಮೂಗು ಅಂಟಿಸಿದರೆ ಹೊಟ್ಟೆ ಕುಸಿಯುತ್ತದೆ, ಪೂರ್ತಿ ಒಣಗಿದ್ದಕ್ಕೆ ಅಂಟಿಸಿದರೆ ಮೂಗು ಬಿರಿದು ಉದುರುತ್ತದೆ. ಎರಡರ ನಡುವಿನ ಒಂದು ಹದವಿದೆ. ಮುಟ್ಟಿದರೆ ತಣ್ಣಗಿರಬೇಕು, ಒತ್ತಿದರೆ ಬೆರಳಚ್ಚು ಬೀಳಬೇಕು, ಕೈಗೆ ಅಂಟಬಾರದು. ಅವರು ಇಂಗ್ಲಿಷಿನಲ್ಲಿ ವಿವರಿಸುವ ಮೊದಲೇ ಅಮ್ಮ ಒಂದರ ಕುತ್ತಿಗೆ ಮುಟ್ಟಿ ನೋಡಿ, "ಇದಿನ್ನೂ ಒಂದು ಗಂಟೆ ಬೇಕು" ಎಂದು ಬಿಟ್ಟು ಪಕ್ಕದ್ದನ್ನು ಎತ್ತಿಕೊಂಡಳು. ಅಜ್ಜ ನನ್ನ ಕಡೆ ನೋಡಿದರು. ನಾನು ಅನುವಾದಿಸಿದೆ. ಅವರು ಬಂದು ಆ ಕುತ್ತಿಗೆಯನ್ನು ತಾವೂ ಮುಟ್ಟಿ, ಏನೂ ಹೇಳದೆ ಅದನ್ನು ಮೇಲಿನ ಹಲಗೆಗೆ ಸರಿಸಿದರು.

ಮುಖ ಮಾಡುವುದು ಹೀಗೆ. ಕಣ್ಣಿನ ಜಾಗದಲ್ಲಿ ಹೆಬ್ಬೆರಳಿನಿಂದ ಗುಳಿ ಒತ್ತುತ್ತಾರೆ. ಗುಳಿಯಲ್ಲಿ ಬಿಳಿ ಜೇಡಿಯ ಗೋಲಿ, ಅದರ ಮೇಲೂ ಕೆಳಗೂ ರೆಪ್ಪೆಯಾಗಿ ಎರಡು ತೆಳು ಎಸಳು. ಮೂಗಿಗೆ ಒಂದು ಉಂಡೆ. ತುಟಿಗೆ ಕೋಡುಬಳೆಯ ಹಾಗೆ ಹೊಸೆದ ಸುರುಳಿ. ಅಂಟಿಸುವ ಕಡೆಯೆಲ್ಲ ಮೊದಲು ಕಡ್ಡಿಯಿಂದ ಗೀರು ಹಾಕಿ, ಗಂಜಿಯಷ್ಟು ತೆಳ್ಳಗಿನ ಕೆಸರು ಬಳಿಯಬೇಕು. ಹಲ್ಲಿಗೆ ಬಿಳಿ ಜೇಡಿಯ ಚೂರು. ಹಿಂದೆ ಬಿಳಿ ಕಲ್ಲಿನ ಚೂರು ಸಿಕ್ಕಿಸುತ್ತಿದ್ದವರೂ ಇದ್ದರು, ಉತ್ತರ ಕೆರೊಲಿನಾದ ಕಡೆ ಒಡೆದ ಪಿಂಗಾಣಿ ತಟ್ಟೆಯ ಚೂರು. ದಪ್ಪ ಉಂಡೆಯೊಳಗೆ ತೇವ ಉಳಿದರೆ ಆವಿಗೆಯಲ್ಲಿ ಮೂಗೇ ಸಿಡಿಯುತ್ತದೆ, ಅದಕ್ಕೆ ಹಿಂದಿನಿಂದ ಟೊಳ್ಳು ಮಾಡಬೇಕು. ನನ್ನದು ಯಾರ ಮುಖವೂ ಆಗಲಿಲ್ಲ, ಹಲ್ಲುನೋವು ಬಂದ ಆಲೂಗಡ್ಡೆಯಾಯಿತು.

ಅಮ್ಮ ಮಾತಾಡದೆ ಒಂದೂವರೆ ಗಂಟೆ ಕೂತಳು. ಮುಗಿದ ಮೇಲೆ ನೋಡಿದರೆ ಉಬ್ಬುಗಲ್ಲ, ಜೋಲುಮೀಸೆ, ಅರೆಮುಚ್ಚಿದ ಕಣ್ಣು.

"ಯಾರಮ್ಮ ಇದು?"

"ನಮ್ಮೂರ ಸಾಹುಕಾರ. ಪ್ರತಿ ಸಂಕ್ರಾಂತಿಗೂ ಹತ್ತು ಗಡಿಗೆ ತಗೊಂಡು ಹೋಗೋನು. ನಿಮ್ಮ ತಾತಂಗೆ ಒಂದು ಸೇರು ರಾಗೀನೂ ಕೊಡ್ಲಿಲ್ಲ."

ಇದನ್ನು ಹೇಳಿದಾಗ ಅಜ್ಜ ಗಟ್ಟಿಯಾಗಿ ನಕ್ಕರು. ಇಲ್ಲೂ ಆಗದವರ ಮುಖ ಮಾಡಿ ಅಂಗಡಿಯ ಮುಂದೆ ಇಡುತ್ತಿದ್ದರಂತೆ. ಜಾರ್ಜಿಯಾದ ಈ ಭಾಗದಲ್ಲಿ ಇವಕ್ಕೆ 'ಅಗ್ಲಿ ಜಗ್' ಅಂತಲೂ ಹೆಸರು, ವಿಕಾರದ ಹೂಜಿ. ಕೊಂಬು ಬಂದರೆ 'ಡೆವಿಲ್ ಜಗ್'.

ಆಮೇಲೆ ಆಗಬೇಕಾದ್ದು ಗ್ಲೇಜ್, ಸುಟ್ಟಾಗ ಗಾಜಿನ ಹೊಳಪು ಕೊಡುವ ಲೇಪ. ಅದರ ಬಕೀಟಿಗೆ ಅಮ್ಮ ಮೂಗು ಹಿಡಿದು, "ಬೂದಿ ನೀರು" ಅಂದಳು. ನಿಜಕ್ಕೂ ಅದೇ. ಒಲೆಯ ಬೂದಿ ಸೋಸಿ, ಅದಕ್ಕೆ ಜೇಡಿ, ಮರಳು ಅಥವಾ ಗಾಜಿನ ಪುಡಿ ಸೇರಿಸಿ ಕಲಸಿದ್ದು. ಮರಳು ತಾನಾಗಿಯೇ ಕರಗಬೇಕಾದರೆ ವಿಪರೀತ ಕಾವು ಬೇಕು. ಬೂದಿಯಲ್ಲಿರುವ ಸುಣ್ಣ, ಪೊಟ್ಯಾಶ್ ಆ ಕಾವನ್ನು ಇಳಿಸುತ್ತವೆ, ಹಾಗಾಗಿ 1,250ರಿಂದ 1,300 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲಿ ಅದು ಗಾಜಾಗಿ ಹರಿಯುತ್ತದೆ. ಹಸಿರೋ ಕಂದೋ ಹೇಳಲಾಗದ ಬಣ್ಣ. ಮುಖದ ಮೇಲೆ ಇಳಿದು ಬಂದ ಕಡೆ ಬೆವರಿನ ಹಾಗೆ, ಕಣ್ಣಿನಿಂದ ಇಳಿದರೆ ಅಳುವಿನ ಹಾಗೆ. ಚೀನಾದಲ್ಲಿ ಇಂಥದ್ದು ಎರಡು ಸಾವಿರ ವರ್ಷಗಳಿಂದ ಇದೆ. ಅಮೆರಿಕದಲ್ಲಿ ಇದು ಮೊದಲು ಕಾಣಿಸಿದ್ದು 1810ರ ಹೊತ್ತಿಗೆ, ದಕ್ಷಿಣ ಕೆರೊಲಿನಾದ ಎಡ್ಜ್‌ಫೀಲ್ಡಿನಲ್ಲಿ. ಅಲ್ಲಿಂದ ಕುಂಬಾರರ ಜೊತೆ ಗಾಡಿ ಹತ್ತಿ ಜಾರ್ಜಿಯಾಕ್ಕೂ ಪಶ್ಚಿಮಕ್ಕೂ ಹಬ್ಬಿತು.

ಷೆಡ್ಡಿನ ಹಿಂದೆ ಆವಿಗೆ. ಅರ್ಧ ನೆಲದೊಳಗೆ ಹೂತ ಉದ್ದನೆಯ ಇಟ್ಟಿಗೆ ಸುರಂಗ. ಒಂದು ತುದಿಯಲ್ಲಿ ಬೆಂಕಿಗೂಡು, ಇನ್ನೊಂದು ತುದಿಯಲ್ಲಿ ಚಿಮಣಿ. ಬಿಲ ತೋಡುವ ಪ್ರಾಣಿಯೊಂದರ ಹೆಸರಿಟ್ಟು ಗ್ರೌಂಡ್‌ಹಾಗ್ ಆವಿಗೆ ಎನ್ನುತ್ತಾರೆ. ಒಳಗೆ ನಿಲ್ಲಲಾಗದು, ಮಂಡಿಯೂರಿಕೊಂಡೇ ಹೂಜಿ ಜೋಡಿಸಬೇಕು. ಬೇಡಬೇಡವೆಂದರೂ ಅಮ್ಮ ಸೆರಗು ಸಿಕ್ಕಿಸಿ ನುಗ್ಗಿಯೇಬಿಟ್ಟಳು. ಒಳಗಿನಿಂದ ದನಿ: "ಇಲ್ಲಿ ಗೋಡೆಯೆಲ್ಲ ಗಾಜಿನ ಹಾಗೆ ಹೊಳೀತಿದೆ ಕಣೋ!" ನೂರಾರು ಸಲದ ಬೂದಿ ಇಟ್ಟಿಗೆಯ ಮೇಲೆ ಕೂತು ಕರಗಿದ್ದು. ಬೆಂಕಿ ಹಗಲು ಹಚ್ಚಿದರೆ ರಾತ್ರಿಯಾಗುತ್ತದಂತೆ. ಕೊನೆಯಲ್ಲಿ ಒಣ ಪೈನ್ ಸೀಳುಗಳನ್ನು ಒಂದೇ ಸಮನೆ ತುಂಬಿ ಕಾವು ಏರಿಸಿದಾಗ ಚಿಮಣಿಯಿಂದ ಆಳೆತ್ತರದ ಜ್ವಾಲೆ ಏಳುತ್ತದೆ.

ನಮ್ಮ ಆವಿಗೆಗೆ ಹುಲ್ಲು, ಬೆರಣಿ, ಮೇಲೆ ಮಣ್ಣಿನ ಮುಚ್ಚಳ. ಕಾವು ಇದರ ಮುಕ್ಕಾಲಕ್ಕೂ ಏರುವುದಿಲ್ಲ. ಹಾಗಾಗಿ ನಮ್ಮ ಗಡಿಗೆ ನೀರು ಬೆವರುತ್ತದೆ, ಇವರದು ಕಲ್ಲಾಗುತ್ತದೆ. ಅಜ್ಜ ಸುಟ್ಟ ಹೂಜಿಯೊಂದನ್ನು ಕೊಟ್ಟು ತಟ್ಟಿ ನೋಡಿ ಅಂದರು. ಠಣ್ಣೆಂದಿತು. ಅಮ್ಮ ಮತ್ತೆ ತಟ್ಟಿದಳು, ಮತ್ತೆ. "ಗುಂಡಯ್ಯನ ಗಡಿಗೆ," ಅಂದಳು. ಕುಂಬಾರ ಗುಂಡಯ್ಯ ಗಡಿಗೆ ಬಾರಿಸಿದ್ದಕ್ಕೆ ಶಿವ ಕುಣಿದ ಕಥೆಯನ್ನು ನಾನು ಇಂಗ್ಲಿಷಿನಲ್ಲಿ ಹೇಳಲು ಹೋಗಿ ಮಧ್ಯದಲ್ಲೇ ತೊದಲಿದೆ. ಅವಳಿಗೆ ಇನ್ನೊಂದು ಅನುಮಾನ: "ಬೆವರದೇ ಇದ್ರೆ ನೀರು ತಣ್ಣಗಾಗೋದು ಹೆಂಗೆ?" ಅದನ್ನೂ ಕೇಳಿದೆ. "ನೀರಿಗಲ್ಲ, ಸಾರಾಯಿಗೆ," ಎಂದು ಅಜ್ಜ ಕಣ್ಣು ಮಿಟುಕಿಸಿದರು.

ಹೊರಡುವ ಮುಂಚೆ ಅವರು ಮೊಳೆಯೊಂದನ್ನು ಕೊಟ್ಟು, ಬುಡದಲ್ಲಿ ಹೆಸರು ಗೀಚಲು ಹೇಳಿದರು. ನಾನು ಗೀಚಿದೆ. ಅಮ್ಮ ಒಪ್ಪಲಿಲ್ಲ.

"ಮಡಕೆಗೆ ಯಾರಾದ್ರೂ ಹೆಸರು ಬರೀತಾರೇನೋ? ನಿಮ್ಮ ತಾತ ಬರೆದ್ರಾ?"

ಗ್ಲೇಜ್ ಮಾಡಿ ಸುಟ್ಟು ಅಂಚೆಯಲ್ಲಿ ಕಳಿಸುತ್ತೇನೆ, ಎರಡು ಮೂರು ತಿಂಗಳಾಗಬಹುದು ಎಂದರು. ಇಂಥ ಕಡೆ ಹೋಗುವವರು ಇದು ತಿಳಿದಿರಬೇಕು. ಮಾಡಿದ್ದನ್ನು ಅಂದೇ ಕೈಯಲ್ಲಿ ಹಿಡಿದು ಬರಲಾಗುವುದಿಲ್ಲ.

ಮಧ್ಯಾಹ್ನ ಸಾಟಿ ನಕೂಚಿ ಕಣಿವೆಯ ಜಾನಪದ ಕುಂಬಾರಿಕೆ ಮ್ಯೂಸಿಯಂ. 2006ರಲ್ಲಿ ತೆರೆದದ್ದು, ಮರದ ಕಟ್ಟಡ, ಜನವಿಲ್ಲದೆ ತಣ್ಣಗಿತ್ತು. ಬೆಣ್ಣೆ ಕಡೆಯುವ ಎತ್ತರದ ಗಡಿಗೆಗಳು, ಕಾಕಂಬಿಯ ಹೂಜಿಗಳು, ಮಾಂಸ ಉಪ್ಪುಹಾಕುವ ಜಾಡಿಗಳು. ಇವರ ಕೈ ನಡೆಸಿದ್ದೆಲ್ಲ ಇಂಥ ದಿನಬಳಕೆಯ ಸಾಮಾನು, ಮುಖದ ಹೂಜಿ ಬಿಡುವಿನ ಹುಚ್ಚಾಟ. 1908ರಲ್ಲಿ ಜಾರ್ಜಿಯಾದಲ್ಲಿ ಪಾನನಿಷೇಧ ಬಂದು ಸಾರಾಯಿ ಹೂಜಿಗೆ ಗಿರಾಕಿ ಕಡಿಮೆಯಾದರು, ಗಾಜಿನ ಜಾಡಿ ಬಂದು ಉಳಿದದ್ದನ್ನೂ ತೆಗೆದುಕೊಂಡಿತು. ನಮ್ಮಲ್ಲಿ ಅಲ್ಯೂಮಿನಿಯಂ ಬಿಂದಿಗೆ, ಪ್ಲಾಸ್ಟಿಕ್ ಕೊಡ ಮಾಡಿದ ಕೆಲಸ.

ಮೀಡರ್ಸ್ ಮನೆತನದ್ದು ಇಲ್ಲಿ ದೊಡ್ಡ ಹೆಸರು. 1892-93ರ ಚಳಿಗಾಲದಲ್ಲಿ ಮಾಸಿ ಕ್ರೀಕ್ ಬಳಿ ಷೆಡ್ಡು ಹಾಕಿದವರು ಜಾನ್ ಮೀಡರ್ಸ್. ಮಗ ಚೀವರ್ 1967ರಲ್ಲಿ ತೀರಿಕೊಳ್ಳುವ ತನಕ ಹಳೆಯ ಕ್ರಮ ಬಿಡಲಿಲ್ಲ. ಅದೇ ವರ್ಷ ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ಸಂಸ್ಥೆಯವರು ಬಂದು ಇವರ ಕೆಲಸವನ್ನು ಚಿತ್ರೀಕರಿಸಿದರು. ಮೊಮ್ಮಗ ಲೆನಿಯರ್ ಮುಂದುವರಿಸಿದರು. ಕೊಳ್ಳುವವರು ಬೆಣ್ಣೆ ಗಡಿಗೆ ಬಿಟ್ಟು ಮುಖಗಳನ್ನೇ ಕೇಳತೊಡಗಿದರು. 1983ರಲ್ಲಿ ಅವರಿಗೆ ರಾಷ್ಟ್ರಮಟ್ಟದ ಪರಂಪರೆ ಗೌರವವೂ ಸಿಕ್ಕಿತು. ಲೆನಿಯರ್ ಮಾಡಿದ ಮುಖಗಳಲ್ಲಿ ನಗುವಿಲ್ಲ. ದವಡೆ ಬಿಗಿದು, ಏನೋ ಹೇಳಲು ಹೋಗಿ ತಡೆದುಕೊಂಡ ಹಾಗೆ ಇವೆ. ನನಗೆ ಇಷ್ಟವಾಗಿದ್ದು ಅವೇ. ಕೊಂಬಿನವು ಜಾತ್ರೆಯ ಮುಖವಾಡದಂತೆ ಒಮ್ಮೆ ನೋಡುವುದಕ್ಕೆ ಚೆನ್ನ, ಅಷ್ಟೆ.

ಅಮ್ಮ ನಿಂತದ್ದು ಬೇರೆ ಕಡೆ. ಚೀವರ್ ಅವರ ಹೆಂಡತಿ ಏರಿ ಮೀಡರ್ಸ್ ಮಾಡಿದ ಹಕ್ಕಿಗಳು, ದ್ರಾಕ್ಷಿ ಗೊಂಚಲಿನ ಹೂದಾನಿಗಳು. ಮಕ್ಕಳೆಲ್ಲ ದೊಡ್ಡವರಾದ ಮೇಲೆ ಆಕೆ ಕೈಹಚ್ಚಿದ ಕೆಲಸ. ಓದಿ ಹೇಳಿದೆ.

"ಚಕ್ರದ ಮೇಲೆ ಕೂತ್ಕೊಳ್ತಿದ್ಳಾ?"

"ಹೂಂ, ತಾನೇ ತಿರುಗಿಸ್ತಿದ್ಳಂತೆ."

"ನಮ್ಮಲ್ಲಿ ಹೆಂಗಸರು ತಿಗರಿ ಮುಟ್ಟೋ ಹಾಗೇ ಇರ್ಲಿಲ್ಲ. ತುಳಿಯೋಕೆ, ಹೊರೋಕೆ, ಸಂತೇಲಿ ಮಾರೋಕೆ ಮಾತ್ರ." ಅಷ್ಟು ಹೇಳಿ ಒಂದು ಹಕ್ಕಿಯ ಮುಂದೆ ಬಹಳ ಹೊತ್ತು ನಿಂತಳು.

ಸಂಜೆ ಹೆಲೆನ್ ನೋಡೋಣವೆಂದು ಹೊರಟಿದ್ದು ನನ್ನ ದಡ್ಡತನ. 1969ರಿಂದೀಚೆಗೆ ಜರ್ಮನಿಯ ಬವೇರಿಯಾದ ವೇಷ ಹಾಕಿಕೊಂಡ ಊರದು, ಅಕ್ಟೋಬರಿನಲ್ಲಿ ಬಿಯರ್ ಹಬ್ಬ. ಎರಡು ಮೈಲಿಗೆ ಒಂದೂವರೆ ಗಂಟೆ. ಚರ್ಮದ ಚಡ್ಡಿ ತೊಟ್ಟ ದೊಡ್ಡ ಗಂಡಸರನ್ನು ನೋಡಿ ಅಮ್ಮ ಮುಖ ತಿರುಗಿಸಿಕೊಂಡಳು. ಊರಿನ ಈಚೆ ಬದಿಯಲ್ಲಿ, ಚಾಟಹೂಚಿ ನದಿಯ ದಂಡೆಯಲ್ಲಿ 1876ರ ನೋರಾ ಗಿರಣಿ ಇದೆ, ಅಲ್ಲಿ ಮಾತ್ರ ಇಳಿದೆವು. ಬೀಸುವ ಕಲ್ಲಿನ ಗ್ರಿಟ್ಸ್ ಎರಡು ಚೀಲ. ಆಮೇಲೆ ಮನೆಯಲ್ಲಿ ಅದು ಉಪ್ಪಿಟ್ಟಾಯಿತು, ಚೆನ್ನಾಗಿಯೇ ಆಯಿತು.

ಮೂರನೆಯ ದಿನ, ಭಾನುವಾರ

ಎಡ್ಜ್‌ಫೀಲ್ಡಿಗೆ ಮೂರು ಗಂಟೆಯ ದಾರಿ. ಬೆಟ್ಟ ಇಳಿದು, ಗ್ರಾನೈಟ್ ಗಣಿಗಳ ಎಲ್ಬರ್ಟನ್ ದಾಟಿ, ಸವಾನಾ ನದಿಗೆ ಕಟ್ಟಿದ ದೊಡ್ಡ ಅಣೆಕಟ್ಟಿನ ಹಿನ್ನೀರು ಹಾದರೆ ದಕ್ಷಿಣ ಕೆರೊಲಿನಾ. ಆಮೇಲೆ ಪೈನ್ ಕಾಡು, ಪೈನ್ ಕಾಡು. ಹಿಂದಿನ ವರ್ಷ ಸೆಪ್ಟೆಂಬರಿನಲ್ಲಿ ಬೀಸಿದ ಹೆಲೀನ್ ಚಂಡಮಾರುತಕ್ಕೆ ಮುರಿದ ಮರಗಳು ಒಂದೇ ದಿಕ್ಕಿಗೆ ಮಲಗಿ ಒಣಗಿದ್ದವು. "ಎಷ್ಟು ಆವಿಗೆಗೆ ಆಗ್ತಿತ್ತು" ಎಂದು ಅಮ್ಮ ಲೆಕ್ಕ ಹಾಕುತ್ತಾ ಬಂದಳು.

ಭಾನುವಾರ ಅಮೆರಿಕದ ಸಣ್ಣ ಊರಿಗೆ ಹೋಗಬಾರದು ಎಂಬುದು ಹನ್ನೆರಡು ವರ್ಷ ಇಲ್ಲಿದ್ದೂ ನನಗೆ ಹೊಳೆಯಲಿಲ್ಲ. ಚೌಕ, ನಡುವೆ ಸ್ಮಾರಕ ಸ್ತಂಭ, ಎತ್ತರದ ಮೆಟ್ಟಿಲಿನ ಕೋರ್ಟು, ಅಲ್ಲಲ್ಲಿ ಬಣ್ಣ ಬಳಿದ ಟರ್ಕಿ ಕೋಳಿಯ ಗೊಂಬೆಗಳು. ಕಾಡುಟರ್ಕಿ ಸಂರಕ್ಷಣೆಯ ರಾಷ್ಟ್ರೀಯ ಸಂಘಟನೆಯ ಕೇಂದ್ರ ಇದೇ ಊರಿನಲ್ಲಿರುವುದರಿಂದ ಆ ಗೊಂಬೆಗಳು. ಬಾಗಿಲುಗಳೆಲ್ಲ ಮುಚ್ಚಿದ್ದವು. ಕುಂಬಾರಿಕೆಯ ಅಂಗಡಿಯ ಗಾಜಿಗೆ ಹಣೆ ಒತ್ತಿ ಇಬ್ಬರೂ ಒಳಗೆ ಇಣುಕಿದೆವು.

"ಮಂಗಳವಾರ ಬರಬೇಕಿತ್ತು ನೀವು," ಎಂದಿತು ಹಿಂದಿನಿಂದ ಒಂದು ದನಿ. ಚರ್ಚಿನಿಂದ ಮರಳುತ್ತಿದ್ದ ಕಪ್ಪು ಹಿರಿಯರು, ತಿಳಿಬೂದು ಸೂಟು, ಕೈಯಲ್ಲಿ ಹ್ಯಾಟು. ಎಲ್ಲಿಂದ, ಯಾಕೆ ಎಂದು ವಿಚಾರಿಸಿ, ಅಮ್ಮ ಕುಂಬಾರರ ಮನೆಯವಳೆಂದು ತಿಳಿದ ಮೇಲೆ ಚೌಕದ ಬೆಂಚಿನಲ್ಲಿ ನಮ್ಮನ್ನು ಕೂರಿಸಿಕೊಂಡು ಮುಕ್ಕಾಲು ಗಂಟೆ ಮಾತಾಡಿದರು. ತೆರೆದ ಅಂಗಡಿಯಲ್ಲಿ ಅಷ್ಟು ಸಿಗುತ್ತಿರಲಿಲ್ಲವೇನೋ.

ಈ ಸುತ್ತಿನಲ್ಲಿ ಕುಂಬಾರಿಕೆ ಮನೆಗೆಲಸವಾಗಿರಲಿಲ್ಲ, ಕಾರ್ಖಾನೆಯಾಗಿತ್ತು. ತೋಟಗಳ ಸಾವಿರಾರು ಗುಲಾಮರ ಊಟ ಕಾಪಿಡಲು ದೊಡ್ಡ ಜಾಡಿಗಳು ಬೇಕಿದ್ದವು. ಪಾಟರ್ಸ್‌ವಿಲ್ ಎಂಬಲ್ಲಿ 2011ರಲ್ಲಿ ಅಗೆದಾಗ ಸಿಕ್ಕಿದ ಆವಿಗೆಯ ಉದ್ದ 105 ಅಡಿ. ಮಣ್ಣು ಅಗೆದವರು, ತಿರುಗಿಸಿದವರು, ಸುಟ್ಟವರು ಬಹುಪಾಲು ಗುಲಾಮರು. ಮಾಲೀಕರ ಹೆಸರು ದಾಖಲೆಯಲ್ಲಿದೆ, ಅವರಲ್ಲಿ ಬಹುತೇಕರದ್ದಿಲ್ಲ.

ಒಬ್ಬನದು ಮಾತ್ರ ಎದ್ದು ಕಾಣುತ್ತದೆ, ಯಾಕೆಂದರೆ ಅವನೇ ಬರೆದುಕೊಂಡ. ಡೇವ್. ಬಿಡುಗಡೆಯ ನಂತರ ಡೇವಿಡ್ ಡ್ರೇಕ್. ಗುಲಾಮರಿಗೆ ಓದುಬರಹ ಕಲಿಸುವುದನ್ನು ದಕ್ಷಿಣ ಕೆರೊಲಿನಾ 1834ರ ಕಾನೂನಿನಿಂದ ನಿಷೇಧಿಸಿತು. ಅದೇ 1834ರಿಂದ ಇವನು ಜಾಡಿಗಳ ಹೆಗಲ ಮೇಲೆ ಹಸಿಯಲ್ಲೇ ತಾರೀಖು, ಹೆಸರು, ಕೆಲವೊಮ್ಮೆ ಎರಡು ಸಾಲಿನ ಪದ್ಯ ಕೊರೆದಿದ್ದಾನೆ. 1859ರಲ್ಲಿ ಮಾಡಿದ ಒಂದು ಜಾಡಿ ಸುಮಾರು 40 ಗ್ಯಾಲನ್ ಹಿಡಿಯುತ್ತದೆ. 1857ರ ಆಗಸ್ಟ್ 16ರ ಜಾಡಿಯ ಸಾಲುಗಳನ್ನು ಆ ಹಿರಿಯರು ಕಣ್ಣುಮುಚ್ಚಿ ಹೇಳಿದರು. ಅಮ್ಮನಿಗೆ ನಾನು ಹೀಗೆ ಹೇಳಿದೆ: ನನ್ನ ನೆಂಟರಿಷ್ಟರೆಲ್ಲ ಎಲ್ಲಿದ್ದಾರೋ ಕಾಣೆ, ಎಲ್ಲರಿಗೂ, ಎಲ್ಲ ನಾಡಿಗೂ ನನ್ನ ಸ್ನೇಹ.

"ನೆಂಟರು ಎಲ್ಲಿ ಅಂತ ಯಾಕೆ ಗೊತ್ತಿಲ್ಲ?"

"ಮಾರಿಬಿಡ್ತಿದ್ರಮ್ಮ. ಗಂಡನ್ನ ಒಂದು ಕಡೆ, ಹೆಂಡತಿ ಮಕ್ಕಳನ್ನ ಇನ್ನೊಂದು ಕಡೆ."

ಅವಳು ಆ ಹಿರಿಯರ ಕಡೆ ನೋಡಿದಳು. ಅವರು ಹ್ಯಾಟಿನ ಅಂಚನ್ನು ಬೆರಳಲ್ಲಿ ತಿರುಗಿಸುತ್ತಿದ್ದರು. 1858ರ ಅವನ ಒಂದು ಜಾಡಿ 2021ರ ಹರಾಜಿನಲ್ಲಿ 15.6 ಲಕ್ಷ ಡಾಲರಿಗೆ ಹೋಯಿತಂತೆ. ಆ ಅಂಕಿಯನ್ನು ನಾನು ಅಮ್ಮನಿಗೆ ರೂಪಾಯಿಯಲ್ಲಿ ಹೇಳಲಿಲ್ಲ.

ಮುಖದ ಹೂಜಿಗಳ ವಿಚಾರ ಕೇಳಿದೆ. ನಾನು ಹೈ ಮ್ಯೂಸಿಯಂನಲ್ಲಿ ನೋಡಿದ ಪುಟ್ಟವು ಈ ಸುತ್ತಿನವೇ. 1858ರ ನವೆಂಬರಿನಲ್ಲಿ ವಾಂಡರರ್ ಎಂಬ ಹಡಗು, ಗುಲಾಮರನ್ನು ಹೊರಗಿನಿಂದ ತರುವುದು ನಿಷೇಧವಾಗಿ ಐವತ್ತು ವರ್ಷವಾಗಿದ್ದರೂ, ಆಫ್ರಿಕಾದ ಕಾಂಗೋ ಕಡೆಯ ನಾನೂರಕ್ಕೂ ಹೆಚ್ಚು ಜನರನ್ನು ಜಾರ್ಜಿಯಾದ ಜೆಕಿಲ್ ದ್ವೀಪದಲ್ಲಿ ಕದ್ದು ಇಳಿಸಿತು. ಅವರಲ್ಲಿ ಕೆಲವರನ್ನು ನದಿಯ ಮೇಲೆ ಎಡ್ಜ್‌ಫೀಲ್ಡಿಗೆ ತಂದರು. ಅವರ ನಾಡಿನಲ್ಲಿ ಬಿಳಿ ಜೇಡಿ ಸತ್ತವರ ಲೋಕದ ಬಣ್ಣ, ಪೂಜೆಯ ವಸ್ತು. ಇಲ್ಲಿನ ನೆಲದಲ್ಲೂ ಅದೇ ಬಿಳಿ ಜೇಡಿ, ಕಯೋಲಿನ್, ಬೇಕಾದಷ್ಟು. ಮುಂದಿನ ವರ್ಷಗಳಲ್ಲಿ, ಧಣಿಯ ಕೆಲಸ ಮುಗಿದ ಮೇಲೆ ತಮ್ಮ ಹೊತ್ತಿನಲ್ಲಿ, ಈ ಮುಖಗಳನ್ನು ಮಾಡಿಕೊಂಡರಂತೆ. ಯಾವುದಕ್ಕೆ? ಮಕ್ಕಳನ್ನು ಹೆಂಡದಿಂದ ದೂರವಿಡಲು, ಕೆಟ್ಟದ್ದನ್ನು ಓಡಿಸಲು, ಗೋರಿಯ ಮೇಲಿಡಲು ಎಂದು ಹತ್ತು ಕಥೆಗಳಿವೆ. "ಮಾಡಿದವರನ್ನು ಆಗ ಯಾರೂ ಕೇಳಲಿಲ್ಲ," ಎಂದರು ಹಿರಿಯರು. "ಈಗ ಎಲ್ಲರೂ ನಮ್ಮನ್ನು ಕೇಳುತ್ತಾರೆ."

ಅಮ್ಮ ದೃಷ್ಟಿ ಗಡಿಗೆಯ ವಿಷಯ ಅವರಿಗೆ ಹೇಳು ಎಂದು ನನ್ನ ತೋಳು ತಿವಿದಳು. ಹೇಳಿದೆ. ಹೊಸ ಮನೆಯ ಮೇಲೆ ಕೋರೆಹಲ್ಲಿನ ಗಡಿಗೆ ಕಟ್ಟುತ್ತೇವೆ, ನೋಡಿದವರ ಕಣ್ಣು ಮೊದಲು ಅದಕ್ಕೆ ತಾಗಲಿ ಎಂದು. ಅವರು ತಲೆದೂಗಿ, "ನನ್ನ ಅಜ್ಜಿ ಇದ್ದಿದ್ದರೆ ನಿಮ್ಮ ತಾಯಿಯ ಜೊತೆ ಬಹಳ ಮಾತಾಡುತ್ತಿದ್ದಳು," ಎಂದರು. ಅಮ್ಮ ಚೀಲದಿಂದ ಉಳಿದ ಕಡಲೆಕಾಯಿ ತೆಗೆದು ಕೊಟ್ಟಳು. ಅವರು ಒಂದು ಸುಲಿದು ಬಾಯಿಗೆ ಹಾಕಿಕೊಂಡು, ಇದು ಜಾರ್ಜಿಯಾದ್ದು, ಉಪ್ಪು ಕಡಿಮೆ ಎಂದು ತೀರ್ಪು ಕೊಟ್ಟರು.

ಅಟ್ಲಾಂಟಾಕ್ಕೆ ಹೆದ್ದಾರಿ ಹಿಡಿದಾಗ ಕತ್ತಲಾಗುತ್ತಿತ್ತು. ಅಮ್ಮ ನಿದ್ದೆಯಲ್ಲಿದ್ದಾಳೆಂದುಕೊಂಡಿದ್ದೆ.

"ಆ ಅಜ್ಜ ನಮ್ಮ ಹೂಜಿ ಸುಟ್ಬಿಟ್ರಾ?"

"ಇಲ್ಲಮ್ಮ, ಮುಂದಿನ ತಿಂಗಳು."

ಎರಡು ಊರು ದಾಟಿತು.

"ಒಣಗಿದ್ರೂ ಮೊಳೇಲಿ ಗೀಚಬಹುದು. ಒಂದಕ್ಷರ ಆದ್ರೆ ಸಾಕು."

ಮನೆಗೆ ಬಂದು, ಕಾಗದದ ಮೇಲೆ ಅವಳು ತನ್ನ ಹೆಸರಿನ ಮೊದಲ ಅಕ್ಷರ 'ಗ' ಬರೆದಳು. ಅದರ ಫೋಟೊ ತೆಗೆದು ಅಜ್ಜನಿಗೆ ಕಳಿಸಿದೆ, ಹೀಗೇ ಬರೆಯಿರಿ ಎಂದು.

ಡಬ್ಬ ಬಂದದ್ದು ಜನವರಿಯಲ್ಲಿ, ಅಮ್ಮ ತಿಪಟೂರಿಗೆ ಮರಳಿ ಒಂದು ತಿಂಗಳಾದ ಮೇಲೆ. ಹತ್ತು ಸುತ್ತು ಪೇಪರು, ಗುಳ್ಳೆ ಪ್ಲಾಸ್ಟಿಕ್ಕು. ಆದರೂ ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ: ಸಾಹುಕಾರರ ಎಡಗಿವಿ ದಾರಿಯಲ್ಲೇ ಮುರಿದಿತ್ತು. ಉಳಿದಂತೆ ಹಸಿರುಗಂದು ಬಣ್ಣ ಹಣೆಯಿಂದ ಇಳಿದು ಮೀಸೆಯ ತುದಿಯಲ್ಲಿ ಹನಿಯಾಗಿ ನಿಂತಿತ್ತು. ನನ್ನ ಆಲೂಗಡ್ಡೆಯ ಮೂಗು ಆವಿಗೆಯಲ್ಲೇ ಸಿಡಿದು ಹೋಗಿತ್ತು. ಬೋರಲು ಹಾಕಿ ನೋಡಿದೆ. ಬುಡದಲ್ಲಿ ಅಕ್ಷರವಿತ್ತು, ಆದರೆ ಅಜ್ಜ ತಲೆಕಟ್ಟು ಬಿಟ್ಟಿದ್ದರು. ಕುದುರೆ ಲಾಳದ ಹಾಗೆ ಕಾಣುತ್ತಿತ್ತು.

ವಿಡಿಯೊದಲ್ಲಿ ತೋರಿಸಿದೆ. ಅಲ್ಲಿ ಬೆಳಗಿನ ಏಳು, ಹಿಂದೆ ಹಾಲಿನವನ ಗಂಟೆ.

"ಕಿವಿ ಹೋಯ್ತಮ್ಮ. ನಿನ್ನ ಅಕ್ಷರಕ್ಕೂ ತಲೆಕಟ್ಟಿಲ್ಲ."

"ಅದೆಲ್ಲ ಇರ್ಲಿ. ನೀರು ಹಾಕಿ ನೋಡಿದ್ಯಾ? ಸೋರುತ್ತಾ?"

ಕುತ್ತಿಗೆಯ ತನಕ ನೀರು ತುಂಬಿ, ಕೆಳಗೆ ಪೇಪರು ಹಾಸಿ, ಅಡುಗೆಮನೆಯ ಕಟ್ಟೆಯ ಮೇಲೆ ಇಟ್ಟು ಮಲಗಿದೆ. ಬೆಳಿಗ್ಗೆ ಎತ್ತಿ ನೋಡಿದರೆ ಪೇಪರು ಒಣಗಿಯೇ ಇತ್ತು.